ಗಡಿಯಾರದ ಹೊತ್ತು, ಮನಸ್ಸಿನ ಹೊತ್ತು

ಸಂಪತ್ತಿನಲ್ಲಿ ಮನುಷ್ಯರು ಸಮಾನರಲ್ಲ. ಬಲದಲ್ಲಿಯೂ ಬುದ್ಧಿಯಲ್ಲಿಯೂ ಸಮಾನರಲ್ಲ. ಆದರೆ ದಿನವೊಂದಕ್ಕೆ 24 ಗಂಟೆಗಳೆಂಬ ವಿಷಯದಲ್ಲಿ ಮಾತ್ರ ಅರಸನಿಗೂ ಆಳಿಗೂ ಭೇದವಿಲ್ಲವೆಂದು ಹಿರಿಯರು ಹೇಳುವುದುಂಟು. ಗಡಿಯಾರವನ್ನು ನೋಡಿ ಹೇಳುವುದಾದರೆ ಈ ಮಾತು ಸತ್ಯವೇ ಸರಿ. ಆದರೆ ಮನುಷ್ಯನ ಮನಸ್ಸಿಗೆ ಎಲ್ಲ ಗಂಟೆಗಳೂ ಒಂದೇ ಉದ್ದವಾಗಿ ಕಾಣುವುದಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಕಡೆಯ ಅರ್ಧ ಗಂಟೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಬಾರದ ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತವನಿಗೆ ಅದೇ ಅರ್ಧ ಗಂಟೆ ಅರ್ಧ ದಿನದಂತೆ ತೋರುತ್ತದೆ.

ಗಡಿಯಾರಗಳಿಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಹೊತ್ತನ್ನು ಅಳೆಯಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿದ್ದ ತಾಮ್ರದ ಬಟ್ಟಲನ್ನು ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಿಬಿಡುವರು. ರಂಧ್ರದ ಮೂಲಕ ನೀರು ಮೆಲ್ಲಮೆಲ್ಲನೆ ಒಳಸೇರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷಗಳು ಕಳೆದವೆಂದು ಲೆಕ್ಕ. ಅಂಥ 60 ಗಳಿಗೆಗಳು ಸೇರಿದರೆ ಒಂದು ಹಗಲು, ಒಂದು ರಾತ್ರಿ. ಬಟ್ಟಲಿನ ರಂಧ್ರ ಹಿಗ್ಗದೆ ಕುಗ್ಗದೆ ಇರುವವರೆಗೆ ಈ ಲೆಕ್ಕ ತಪ್ಪುವಂತಿರಲಿಲ್ಲ. ಮನಸ್ಸೂ ಒಂದು ಗಳಿಗೆ ಬಟ್ಟಲೇ. ಆದರೆ ಅದರ ರಂಧ್ರ ಒಮ್ಮೆ ಹಿರಿದಾಗುತ್ತದೆ, ಒಮ್ಮೆ ಕಿರಿದಾಗುತ್ತದೆ. ಬಾಲ್ಯದಲ್ಲಿ ಎಷ್ಟು ಹೊತ್ತಾದರೂ ಮುಳುಗದ ಬಟ್ಟಲು ವಯಸ್ಸು ಏರಿದಂತೆ ಥಟ್ಟನೆ ಮುಳುಗತೊಡಗುತ್ತದೆ.

ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಊರಿನ ಜಾತ್ರೆಗೆ ಇನ್ನು ಒಂದು ತಿಂಗಳಿದೆ ಎಂದರೆ ಮಗುವಿನ ಮುಖ ಬಾಡುತ್ತದೆ. ಆ ತಿಂಗಳು ಅದಕ್ಕೆ ದಾಟಲಾರದ ಹೊಳೆಯಂತೆ ಕಾಣುತ್ತದೆ. ಅದೇ ಮನೆಯ ಅಜ್ಜನಾದರೋ, “ಮೊನ್ನೆ ಮೊನ್ನೆ ಯುಗಾದಿ ಆದ ಹಾಗಿದೆ, ಆಗಲೇ ಇನ್ನೊಂದು ಬಂದೇಬಿಟ್ಟಿತಲ್ಲ!” ಎಂದು ಅಚ್ಚರಿಪಡುತ್ತಾನೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಪಂಚಾಂಗ ಒಂದೇ, ಅಳತೆ ಬೇರೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಫ್ರಾನ್ಸಿನ ತತ್ತ್ವಜ್ಞಾನಿ ಪಾಲ್ ಜಾನೆ ಎಂಬುವರು 1877ರಲ್ಲಿ ಒಂದು ಸರಳವಾದ ಲೆಕ್ಕವನ್ನು ಮುಂದಿಟ್ಟರು. ನಾವು ಒಂದು ವರ್ಷವನ್ನು ಅದುವರೆಗೆ ಬಾಳಿದ ಒಟ್ಟು ಬಾಳಿನೊಡನೆ ಹೋಲಿಸಿ ಅಳೆಯುತ್ತೇವೆ ಎಂಬುದು ಅದರ ಸಾರ. 14 ವರ್ಷದ ಬಾಲಕನಿಗೆ ಒಂದು ವರ್ಷವೆಂದರೆ ಅವನ ಬಾಳಿನ ಹದಿನಾಲ್ಕನೆಯ ಒಂದು ಪಾಲು. 70 ವರ್ಷದ ಮುದುಕನಿಗೆ ಎಪ್ಪತ್ತನೆಯ ಒಂದು ಪಾಲು ಮಾತ್ರ. ಹೀಗೆ ನೋಡಿದರೆ ಬಾಲಕನ ಒಂದು ವರ್ಷ ಮುದುಕನ ಐದು ವರ್ಷಗಳಿಗೆ ಸಮನಾಗುತ್ತದೆ. ಲೆಕ್ಕವೇನೋ ಅಚ್ಚುಕಟ್ಟಾಗಿದೆ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಇದು ನಡೆಯುವುದನ್ನು ವರ್ಣಿಸುತ್ತದೆಯೇ ಹೊರತು ಅದರ ಕಾರಣವನ್ನು ವಿವರಿಸುವುದಿಲ್ಲ ಎಂದು ತೋರಿಸಿದರು. ಅವರ ಅಭಿಪ್ರಾಯದಲ್ಲಿ ನಿಜವಾದ ಕಾರಣ ಅನುಭವದ ಹೊಸತನದಲ್ಲಿದೆ. ಎಳೆಯರಿಗೆ ದಿನದಿನವೂ ಹೊಸದೇನಾದರೂ ಎದುರಾಗುತ್ತದೆ. ಅದು ನೆನಪಿನಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ವಯಸ್ಸಾದಂತೆ ಬದುಕು ರೂಢಿಯ ಜಾಡಿಗೆ ಬೀಳುತ್ತದೆ. ಒಂದು ದಿನ ಇನ್ನೊಂದರಂತೆ, ಒಂದು ವಾರ ಇನ್ನೊಂದರಂತೆ ಆಗಿ ಎಲ್ಲವೂ ನೆನಪಿನಲ್ಲಿ ಒಂದೇ ಮುದ್ದೆಯಾಗುತ್ತವೆ.

ಈ ಮಾತನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹೊಸ ಊರಿಗೆ ಮೊದಲ ಸಲ ನಡೆದು ಹೋಗುವಾಗ ದಾರಿ ಉದ್ದವೆನಿಸುತ್ತದೆ. ಹಿಂದಿರುಗುವಾಗ ಅದೇ ದಾರಿ ಮೊಟಕಾಗಿ ತೋರುತ್ತದೆ. ಹೋಗುವಾಗ ಕಂಡ ಪ್ರತಿಯೊಂದು ಮರ, ಪ್ರತಿಯೊಂದು ತಿರುವು ಹೊಸದಾಗಿತ್ತು. ಬರುವಾಗ ಕಣ್ಣು ಅವುಗಳನ್ನು ಕಂಡೂ ಕಾಣದಂತೆ ದಾಟಿಬಿಟ್ಟಿತು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನಾವು ಹೊತ್ತನ್ನು ಎರಡು ಸಲ ಅಳೆಯುತ್ತೇವೆ: ಅದು ಸಾಗುತ್ತಿರುವಾಗ ಒಮ್ಮೆ, ಹಿಂದಿರುಗಿ ನೋಡಿದಾಗ ಮತ್ತೊಮ್ಮೆ. ಈ ಎರಡು ಅಳತೆಗಳು ಹೆಚ್ಚಾಗಿ ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಶಾಲೆಯ ಪ್ರವಾಸದಲ್ಲಿ ಬೇಲೂರು, ಹಳೇಬೀಡುಗಳನ್ನು ನೋಡಿದ ದಿನ ಕ್ಷಣದಂತೆ ಕಳೆದುಹೋಗುತ್ತದೆ. ಆದರೆ ಮನೆಗೆ ಬಂದು ಹೇಳಲು ಕುಳಿತರೆ ರಾತ್ರಿಯೆಲ್ಲ ಹೇಳಿದರೂ ಮುಗಿಯದಷ್ಟು ದೊಡ್ಡದಾಗಿರುತ್ತದೆ. ಜ್ವರದಿಂದ ಮಲಗಿದ ದಿನವಾದರೋ ಸರಿಯುವಾಗ ಬೆಟ್ಟದಷ್ಟು. ವಾರ ಕಳೆದ ಮೇಲೆ ನೆನೆದರೆ ಸಾಸಿವೆಯಷ್ಟು.

ಗುರುತುಗಳಿಲ್ಲದ ಕಾಲ ಹೇಗೆ ಕರಗಿಹೋಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. 1962ರಲ್ಲಿ ಮಿಷೆಲ್ ಸಿಫ್ರ್ ಎಂಬ 23 ವರ್ಷದ ಫ್ರೆಂಚ್ ಭೂವಿಜ್ಞಾನಿ ಆಲ್ಪ್ಸ್ ಪರ್ವತದ ಒಂದು ಗುಹೆಗೆ ಗಡಿಯಾರವಿಲ್ಲದೆ ಇಳಿದರು. ಸೂರ್ಯನ ಬೆಳಕಿಲ್ಲ, ಮಾತಿಗೆ ಜೊತೆಯಿಲ್ಲ. ಚಳಿ, ಕತ್ತಲೆ ಮತ್ತು ಮೌನ. ಜುಲೈ ತಿಂಗಳಿನ ನಡುವೆ ಒಳಹೊಕ್ಕ ಅವರಿಗೆ ಸೆಪ್ಟೆಂಬರ್ 14ರಂದು, “ಪ್ರಯೋಗ ಮುಗಿಯಿತು, ಹೊರಬನ್ನಿ” ಎಂದು ತಿಳಿಸಿದಾಗ ಅವರು ನಂಬಲಿಲ್ಲ. ಅವರ ಲೆಕ್ಕದಲ್ಲಿ ಅಂದು ಆಗಸ್ಟ್ 20. ಇಪ್ಪತ್ತೈದು ದಿನಗಳು ಅವರ ಎಣಿಕೆಯಿಂದ ಜಾರಿಹೋಗಿದ್ದವು! ಅವರ ದೇಹವಾದರೋ 24 ಗಂಟೆಗಳಿಗಿಂತ ತುಸುವೇ ಹೆಚ್ಚಿನ ಅವಧಿಗೊಮ್ಮೆ ತಪ್ಪದೆ ಮಲಗಿ ಏಳುತ್ತಿತ್ತು. ದೇಹ ಕಾಲವನ್ನು ಅರಿತಿತ್ತು. ಮನಸ್ಸು ಅರಿಯದೆ ಹೋಯಿತು. ಒಂದು ದಿನವನ್ನು ಮತ್ತೊಂದರಿಂದ ಬೇರ್ಪಡಿಸಿ ನೋಡಲು ಅದಕ್ಕೆ ಗುರುತುಗಳೇ ಇರಲಿಲ್ಲ.

ಗುಹೆಗೆ ಇಳಿಯದೆಯೂ ದಿನಗಳನ್ನು ಹೀಗೆ ಕಳೆದುಕೊಳ್ಳಬಹುದು. ಅದಕ್ಕೆ ಇಂದು ಎಲ್ಲರೂ ಹಿಡಿದಿರುವ ದಾರಿ ಎಡೆಬಿಡದ ಗಡಿಬಿಡಿ. “ಪುರುಸೊತ್ತಿಲ್ಲ” ಎಂಬ ಮಾತು ಕೇಳಿಬರದ ಮನೆ ಅಪರೂಪ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಜರ್ಮನಿ ಮತ್ತು ಆಸ್ಟ್ರಿಯಾ ದೇಶಗಳಲ್ಲಿ 14ರಿಂದ 94 ವರ್ಷದವರೆಗಿನ 499 ಜನರನ್ನು ಪ್ರಶ್ನಿಸಲಾಯಿತು. ಕಳೆದ ವಾರ, ಕಳೆದ ತಿಂಗಳುಗಳ ಬಗ್ಗೆ ಕೇಳಿದಾಗ ಎಳೆಯರಿಗೂ ಹಿರಿಯರಿಗೂ ಹೆಚ್ಚಿನ ಅಂತರ ಕಂಡುಬರಲಿಲ್ಲ. ಕಾಲ ಬೇಗ ಸಾಗುತ್ತಿದೆ ಎಂದೇ ಹೆಚ್ಚಿನವರ ಉತ್ತರ. ಕಳೆದ ಹತ್ತು ವರ್ಷಗಳ ಬಗ್ಗೆ ಕೇಳಿದಾಗ ಮಾತ್ರ ವಯಸ್ಸಿನ ಪ್ರಭಾವ ಎದ್ದು ಕಂಡಿತು. ಆದ್ದರಿಂದ ದಿನಗಳು ಓಡುವುದಕ್ಕೆ ನರೆಗೂದಲೊಂದನ್ನೇ ಹೊಣೆಮಾಡುವುದು ಸರಿಯಲ್ಲ. ಹದಿನಾಲ್ಕರ ಹರೆಯದವರ ದಿನವೂ ಓಡಬಲ್ಲದು.

ಹಾಗಾದರೆ ದುಡಿಮೆಯೇ ಕಾಲವನ್ನು ತಿನ್ನುವ ಶತ್ರುವೆ? ಖಂಡಿತ ಅಲ್ಲ. ಸುಗ್ಗಿಯ ಕಾಲದ ರೈತನಿಗಿಂತ ಹೆಚ್ಚು ಕೆಲಸವುಳ್ಳವರು ಯಾರು? ಕೊಯ್ಲು, ಒಕ್ಕಣೆ, ತೂರುವುದು ಎಂದು ಅವನಿಗೆ ತಲೆ ಕೆರೆಯಲು ಬಿಡುವಿರುವುದಿಲ್ಲ. ಆದರೂ ಸುಗ್ಗಿ ಮುಗಿದ ಮೇಲೆ ಕಣದಲ್ಲಿ ರಾಶಿಯಿರುತ್ತದೆ, ಮನಸ್ಸಿನಲ್ಲಿ ನೆನಪಿರುತ್ತದೆ. ಒಂದೇ ಕೆಲಸದಲ್ಲಿ ಮನಸ್ಸಿಟ್ಟ ದಿನ ಬೇಗ ಸರಿದರೂ ಬರಿದಾಗುವುದಿಲ್ಲ. ಬರಿದಾಗುವುದು ಚೂರುಚೂರಾದ ದಿನ. ಪುಸ್ತಕ ತೆರೆದು ಎರಡು ಸಾಲು ಓದುವಷ್ಟರಲ್ಲಿ ಮೊಬೈಲಿನ ಕಡೆಗೆ ಕೈ. ಅಲ್ಲೊಂದು ಚಿತ್ರ, ಇಲ್ಲೊಂದು ಸುದ್ದಿ. ಮತ್ತೆ ಪುಸ್ತಕ, ಮತ್ತೆ ಮೊಬೈಲು. ಹೀಗೆ ಒಂದು ಸಂಜೆ ಉರುಳಿದರೆ ಮರುದಿನ ನೆನಪಿಗೆ ಬರುವಂಥದು ಒಂದಾದರೂ ಉಳಿಯುವುದಿಲ್ಲ. ಅಲ್ಲಿ ಹೊಸತಿಗೆ ಕೊರತೆಯಿರಲಿಲ್ಲ, ಗಮನಕ್ಕೆ ಕೊರತೆಯಿತ್ತು. ನಮ್ಮ ಭಾಷೆಯಲ್ಲಿ ‘ಕಳೆಯುವುದು’ ಎಂಬ ಮಾತಿಗೆ ಸಾಗಿಸುವುದು ಎಂಬ ಅರ್ಥವೂ ಇದೆ, ನಷ್ಟಮಾಡಿಕೊಳ್ಳುವುದು ಎಂಬ ಅರ್ಥವೂ ಇದೆ. ಹೊತ್ತು ಕಳೆಯುವಾಗ ಈ ಎರಡರಲ್ಲಿ ಯಾವುದನ್ನು ಮಾಡುತ್ತಿದ್ದೇವೆಂದು ಕೇಳಿಕೊಳ್ಳುವುದು ಒಳ್ಳೆಯದು.

ಬಾಳನ್ನು ಹಿಗ್ಗಿಸಲು ದಿನಕ್ಕೊಂದು ಹೊಸ ಊರನ್ನು ಅಲೆಯಬೇಕೆಂದು ಇದರ ಅರ್ಥವಲ್ಲ. ಸಂಗೀತಗಾರನು ಒಂದೇ ರಾಗವನ್ನು ಹತ್ತಾರು ವರ್ಷ ಹಾಡಿ, ಹಾಡಿದಾಗಲೆಲ್ಲ ಅದರಲ್ಲಿ ಹೊಸ ಎಳೆಯೊಂದನ್ನು ಕಾಣುತ್ತಾನೆ. ಗಮನವಿರುವಲ್ಲಿ ಹಳೆಯದೂ ಹೊಸದಾಗುತ್ತದೆ. ವಯಸ್ಸು ಇದಕ್ಕೆ ಅಡ್ಡಿಯೂ ಆಗಲಾರದು. ಶಿವರಾಮ ಕಾರಂತರು (1902–1997) ಕಾದಂಬರಿಗಳನ್ನು ಬರೆದರು, ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದರು, ಯಕ್ಷಗಾನದಲ್ಲಿ ಪ್ರಯೋಗಗಳನ್ನು ನಡೆಸಿದರು, ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳನ್ನು ಕುರಿತ ಪುಸ್ತಕವೊಂದರ ಕೆಲಸದಲ್ಲಿ ತೊಡಗಿದ್ದರು. ಅಂಥವರ ಬಾಳಿನಲ್ಲಿ ಒಂದು ವರ್ಷ ಇನ್ನೊಂದರ ನಕಲಾಗುವುದಾದರೂ ಹೇಗೆ?

ಈ ವಿಚಾರ ನಮ್ಮೊಬ್ಬರ ದಿನಚರಿಗೆ ಮಾತ್ರ ಸೇರಿದ್ದಲ್ಲ. ಮನೆಯೊಳಗಿನ ನ್ಯಾಯಕ್ಕೂ ಸೇರಿದೆ. ಒಂದೇ ಮನೆಯ ಒಂದೇ ಸಂಜೆಯನ್ನು ನೋಡಿ. ದುಡಿದು ಬಂದು ಅಡುಗೆಗೆ ನಿಂತ ತಾಯಿಗೆ ಆ ಎರಡು ಗಂಟೆಗಳು ಎತ್ತಲೂ ಸಾಲವು. ಆಟಕ್ಕೆ ಹೋದ ಮಗನಿಗೆ ಅವು ಕ್ಷಣಮಾತ್ರ. ಮೊಮ್ಮಗನ ದಾರಿ ನೋಡುತ್ತ ಜಗಲಿಯಲ್ಲಿ ಕುಳಿತ ಅಜ್ಜಿಗೆ ಅವೇ ಎರಡು ಗಂಟೆಗಳು ಯುಗವಾಗುತ್ತವೆ. ವರ್ಷಗಳು ಹಾರಿಹೋದವೆನ್ನುವ ಮುಪ್ಪಿಗೆ ಕಾಯುವ ಮಧ್ಯಾಹ್ನಗಳು ಮಾತ್ರ ಹಾರುವುದಿಲ್ಲ. “ಈಗ ತಾನೆ ಹೋಗಿದ್ದೆನಲ್ಲ” ಎಂದು ಮಗನು ಹೇಳಿದರೆ ಅವನ ಬಟ್ಟಲಿನ ಲೆಕ್ಕದಲ್ಲಿ ಅದು ದಿಟ. ಅಜ್ಜಿಯ ಬಟ್ಟಲಿನ ಲೆಕ್ಕದಲ್ಲಿ ದಿಟವಲ್ಲ. ತನ್ನ ಬಟ್ಟಲಿನಿಂದ ಇನ್ನೊಬ್ಬರ ಹೊತ್ತನ್ನು ಅಳೆಯುವುದು ಅನ್ಯಾಯ. ನಮಗೆ ಅತ್ಯಲ್ಪವೆನಿಸುವ ಹತ್ತು ನಿಮಿಷಗಳನ್ನು ಅವಳ ಬಳಿ ಕುಳಿತು ಮಾತಾಡಲು ಕೊಟ್ಟರೆ ಅವಳ ದಿನಕ್ಕೆ ಒಂದು ಗುರುತು ಕೊಟ್ಟಂತಾಗುತ್ತದೆ.

ಗಡಿಯಾರದ ಮುಳ್ಳನ್ನು ಹಿಡಿದು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ಆದರೆ ಸಾಗುವ ಹೊತ್ತಿನ ಕಡೆಗೆ ಕಣ್ಣು ತೆರೆದಿರುವುದು, ಹಿಡಿದ ಕೆಲಸದಲ್ಲಿ ಮನಸ್ಸಿಡುವುದು, ಕಾಯುತ್ತಿರುವವರನ್ನು ಮರೆಯದಿರುವುದು—ಇವು ನಮ್ಮ ಕೈಯಲ್ಲಿವೆ. ಎಳೆಯ ವಯಸ್ಸಿನಲ್ಲಿ ದಿನಗಳು ಸಹಜವಾಗಿಯೇ ವಿಶಾಲವಾಗಿರುತ್ತವೆ. ಆ ವೈಶಾಲ್ಯ ಮುಂದೆ ತಾನಾಗಿಯೇ ಉಳಿಯುವುದಿಲ್ಲ. ಅದನ್ನು ಉಳಿಸಿಕೊಳ್ಳುವ ಅಭ್ಯಾಸವನ್ನು ಈಗಲೇ ಕಲಿಯಬೇಕು.