ಕಡಲ ಜೀವಿಗಳಿಂದ ಕ್ಯಾನ್ಸರ್ ಔಷಧ: ಉದ್ಯಮ ಅರಿಯಬೇಕಾದ ಲೆಕ್ಕ

ಕಡಲ ಉತ್ಪನ್ನವೆಂದರೆ ವಾಣಿಜ್ಯ ವಲಯದಲ್ಲಿ ಇಂದಿಗೂ ಮೊದಲು ನೆನಪಿಗೆ ಬರುವುದು ಮೀನು, ಸಿಗಡಿ, ಮೀನೆಣ್ಣೆಗಳೇ. ಇವೆಲ್ಲವುಗಳ ಬೆಲೆ ನಿರ್ಧಾರವಾಗುವುದು ತೂಕದ ಮೇಲೆ. ಆದರೆ ಯಾವ ಮೀನು ಮಾರುಕಟ್ಟೆಗೂ ಬಾರದ ಸ್ಪಂಜು, ಕಡಲ ಮೊಲ ಮುಂತಾದ ಜೀವಿಗಳು ಕ್ಯಾನ್ಸರ್ ಚಿಕಿತ್ಸೆಗೆ ಹಲವು ಔಷಧಗಳನ್ನು ಕೊಟ್ಟಿವೆ. ‘ನೀಲಿ ಆರ್ಥಿಕತೆ’ಯ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ದಿನಗಳಲ್ಲಿ, ಈ ಔಷಧಗಳು ರೂಪುಗೊಂಡ ಬಗೆಯನ್ನು ಅರಿಯದೆ ಬಂಡವಾಳ ಹೂಡುವುದು ವಿವೇಕವಾಗಲಾರದು.

ಬಂಡೆಗೆ ಅಂಟಿಕೊಂಡೇ ಬಾಳುವ ಸ್ಪಂಜಿಗೆ ಓಡಲು ಕಾಲಿಲ್ಲ, ಕಾಪಾಡಲು ಚಿಪ್ಪಿಲ್ಲ. ಶತ್ರುಗಳಿಂದ ಉಳಿಯಲು ಅದಕ್ಕಿರುವ ಮುಖ್ಯ ಅಸ್ತ್ರ ರಾಸಾಯನಿಕ. ನೀರಿನಲ್ಲಿ ತೆಳುವಾಗಿ ಹರಡಿದರೂ ಪರಿಣಾಮ ಬೀರಬೇಕಾದ ಇಂತಹ ವಸ್ತುಗಳಲ್ಲಿ ಕೆಲವು ಜೀವಕೋಶಗಳ ವಿಭಜನೆಯನ್ನೇ ತಡೆಯಬಲ್ಲವು. 1950ರ ದಶಕದ ಆರಂಭದಲ್ಲಿ ವಿಜ್ಞಾನಿ ವರ್ನರ್ ಬರ್ಗ್‌ಮನ್ ಕೆರಿಬಿಯನ್ ವಲಯದ ಸ್ಪಂಜೊಂದರಲ್ಲಿ ಅಪರೂಪದ ನ್ಯೂಕ್ಲಿಯೊಸೈಡ್‌ಗಳನ್ನು ಗುರುತಿಸಿದರು. ಅದೇ ಮಾದರಿಯನ್ನು ಅನುಸರಿಸಿ ಪ್ರಯೋಗಾಲಯದಲ್ಲಿ ರೂಪಿಸಿದ ಸೈಟರಾಬಿನ್ ಎಂಬ ಔಷಧಕ್ಕೆ 1969ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಭಾರತದ ಕಂಪನಿಗಳೂ ಅದನ್ನು ತಯಾರಿಸುತ್ತಿವೆ. ಅದಕ್ಕಾಗಿ ಯಾರೂ ಸ್ಪಂಜನ್ನು ಕೀಳುತ್ತಿಲ್ಲ.

ಒಂದು ಟನ್ನಿಗೆ ಒಂದು ಗ್ರಾಂ

ಈ ಕ್ಷೇತ್ರದ ನಿಜವಾದ ಕಷ್ಟವನ್ನು ತಿಳಿಯಲು ಟ್ರಾಬೆಕ್ಟೆಡಿನ್ ಎಂಬ ಔಷಧದ ಇತಿಹಾಸವೇ ಸಾಕು. ಕೆರಿಬಿಯನ್ ಸಮುದ್ರದಲ್ಲಿ ಮ್ಯಾಂಗ್ರೋವ್ ಗಿಡಗಳ ಬೇರಿಗೆ ಗೊಂಚಲಾಗಿ ಅಂಟಿ ಬೆಳೆಯುವ, ಚೀಲದಂತಹ ಚಿಕ್ಕ ಪ್ರಾಣಿಯೊಂದರ ಸಾರಕ್ಕೆ ಕ್ಯಾನ್ಸರ್ ಕೋಶಗಳನ್ನು ಹತ್ತಿಕ್ಕುವ ಗುಣವಿದೆಯೆಂದು 1969ರಲ್ಲೇ ಕಂಡುಬಂದಿತ್ತು. ಅದರಲ್ಲಿರುವ ಅಣುವಿನ ರಚನೆ ಪ್ರಕಟವಾದುದು 1990ರಲ್ಲಿ. ಅಲ್ಲಿಂದ ಮುಂದೆ ಎದುರಾದುದು ಪೂರೈಕೆಯ ಪ್ರಶ್ನೆ. ಒಂದು ಟನ್ ಪ್ರಾಣಿಗಳನ್ನು ಸಂಗ್ರಹಿಸಿದರೆ ದೊರೆಯುತ್ತಿದ್ದುದು ಸುಮಾರು ಒಂದು ಗ್ರಾಂ ಔಷಧ ಮಾತ್ರ. ಪರವಾನಗಿ ಪಡೆದ ಸ್ಪೇನಿನ ಫಾರ್ಮಾಮಾರ್ ಕಂಪನಿ ಆ ಪ್ರಾಣಿಗಳನ್ನು ನೀರಿನಲ್ಲೇ ಸಾಕಿ ಬೆಳೆಸಲೂ ಯತ್ನಿಸಿತು. ಕೊನೆಗೆ ದಾರಿ ತೆರೆದುದು ಹುದುಗುವಿಕೆಯ ತಂತ್ರಜ್ಞಾನದಿಂದ. ಬೇರೊಂದು ಬ್ಯಾಕ್ಟೀರಿಯವನ್ನು ತೊಟ್ಟಿಗಳಲ್ಲಿ ಬೆಳೆಸಿ, ಅದು ಉತ್ಪಾದಿಸುವ ವಸ್ತುವನ್ನು ರಾಸಾಯನಿಕ ಹಂತಗಳ ಮೂಲಕ ಟ್ರಾಬೆಕ್ಟೆಡಿನ್ ಆಗಿ ಪರಿವರ್ತಿಸಲಾಯಿತು. ಮೃದು ಅಂಗಾಂಶಗಳ ಕ್ಯಾನ್ಸರಿಗಾಗಿ ಯುರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಮೊದಲ ಸುಳಿವಿನಿಂದ ಮೊದಲ ಮಾರಾಟಕ್ಕೆ 38 ವರ್ಷ ಹಿಡಿಯಿತು.

ಎರಿಬುಲಿನ್ ಔಷಧದ ಕಥೆಯೂ ಇದಕ್ಕೆ ಹತ್ತಿರವಾದುದೇ. ಅದರ ಮೂಲವಸ್ತುವನ್ನು 1986ರಲ್ಲಿ ಜಪಾನಿನ ಸ್ಪಂಜಿನಲ್ಲಿ ಗುರುತಿಸಲಾಯಿತು. ಮುಂದೆ ಪರೀಕ್ಷೆಗಳಿಗಾಗಿ ನ್ಯೂಜಿಲೆಂಡಿನ ಕಡಲಿನಿಂದ ತೆಗೆದ ಒಂದು ಟನ್ ಸ್ಪಂಜು ಕೊಟ್ಟುದು ಸುಮಾರು 300 ಮಿಲಿಗ್ರಾಂ. ಅಣುವಿನ ಅಗತ್ಯ ಭಾಗವನ್ನಷ್ಟೇ ಉಳಿಸಿಕೊಂಡು, 60ಕ್ಕೂ ಹೆಚ್ಚು ಹಂತಗಳಲ್ಲಿ ಸಂಪೂರ್ಣವಾಗಿ ಕಾರ್ಖಾನೆಯಲ್ಲೇ ಅದನ್ನು ತಯಾರಿಸಲು ಸಾಧ್ಯವಾದ ಮೇಲೆ, 2010ರಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಹಿಂದೂ ಮಹಾಸಾಗರದ ಕಡಲ ಮೊಲದಿಂದ ಬೇರ್ಪಡಿಸಿದ ಡೊಲಾಸ್ಟಾಟಿನ್‌ನ ಮಾರ್ಪಡಿಸಿದ ರೂಪ 2011ರಲ್ಲಿ ಲಿಂಫೋಮಾ ರೋಗದ ಔಷಧವೊಂದರ ಅಂಗವಾಯಿತು. ಆ ವಸ್ತುವನ್ನು ನಿಜವಾಗಿ ಉತ್ಪಾದಿಸುವುದು ಕಡಲ ಮೊಲವಲ್ಲ, ಅದು ತಿನ್ನುವ ಸೂಕ್ಷ್ಮಜೀವಿ ಎಂಬುದು ತಡವಾಗಿ ತಿಳಿದುಬಂದಿತು.

ತೂಕದ ವ್ಯಾಪಾರದ ಅಪಾಯ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಶಾರ್ಕ್ ಮೀನಿಗೆ ಕ್ಯಾನ್ಸರ್ ಬರುವುದಿಲ್ಲವೆಂಬ ತಪ್ಪು ನಂಬಿಕೆಯ ಆಧಾರದ ಮೇಲೆ 1990ರ ದಶಕದಲ್ಲಿ ಅದರ ಮೃದ್ವಸ್ಥಿಯ ಪುಡಿ ಭರದಿಂದ ಮಾರಾಟವಾಯಿತು. ಆ ಮೃದ್ವಸ್ಥಿಯಿಂದ ತಯಾರಿಸಿದ ಸಾರವನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಪ್ರಯೋಜನವೇನೂ ಕಂಡುಬರಲಿಲ್ಲ. ಶಾರ್ಕ್‌ಗಳು ನಾಶವಾದವು, ರೋಗಿಗಳ ಹಣವೂ ಕಾಲವೂ ವ್ಯರ್ಥವಾದವು. ಅಣುವನ್ನು ಗುರುತಿಸದೆ, ಪರೀಕ್ಷೆಗೆ ಒಡ್ಡದೆ, ಪ್ರಾಣಿಯನ್ನೇ ಪುಡಿಮಾಡಿ ಮಾರುವುದು ಔಷಧೋದ್ಯಮವೆನಿಸದು.

ಈ ಉದಾಹರಣೆಗಳಿಂದ ಹೊರಡುವ ಪಾಠ ಸ್ಪಷ್ಟ. ಕಡಲ ಜೀವಿಯಿಂದ ದೊರೆಯುವುದು ಔಷಧದ ನಕ್ಷೆ. ಕಚ್ಚಾವಸ್ತುವನ್ನು ಮಾನವನೇ ತಯಾರಿಸಿಕೊಳ್ಳಬೇಕು. ಆದುದರಿಂದ ಈ ಉದ್ಯಮದ ಲಾಭ ಸಂಗ್ರಹಿಸಿದವನಿಗಿಂತ, ನಡುವಿನ ದೀರ್ಘ ಶ್ರಮವನ್ನು ಹೊತ್ತವನಿಗೇ ಸಲ್ಲುತ್ತದೆ.

ನಮ್ಮಲ್ಲಿ ಏನಾಗಬೇಕು

ಇಷ್ಟು ದೀರ್ಘಕಾಲ ಕಾಯುವುದಕ್ಕಿಂತ ಪೇಟೆಂಟ್ ಮುಗಿದ ಔಷಧಗಳನ್ನು ಅಗ್ಗವಾಗಿ ತಯಾರಿಸುವುದೇ ಲೇಸೆಂಬ ವಾದವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಪೇಟೆಂಟಿನ ಅವಧಿ 20 ವರ್ಷ ಮಾತ್ರವಿರುವಾಗ 38 ವರ್ಷಗಳ ಹೊರೆಯನ್ನು ಯಾವ ಖಾಸಗಿ ಸಂಸ್ಥೆಯೂ ಒಂಟಿಯಾಗಿ ಹೊರಲಾರದು. ಟ್ರಾಬೆಕ್ಟೆಡಿನ್‌ನ ಆರಂಭದ ಶೋಧಕಾರ್ಯವೂ ಅಮೆರಿಕದ ಸಾರ್ವಜನಿಕ ಸಂಸ್ಥೆ ಹಾಗೂ ವಿಶ್ವವಿದ್ಯಾನಿಲಯದಲ್ಲೇ ನಡೆಯಿತು. ಮೊದಲ ಹಂತದ ವೆಚ್ಚ ಸರಕಾರದ್ದಾಗಬೇಕು. ಉತ್ಪಾದನಾ ವಿಧಾನವನ್ನು ರೂಪಿಸುವ ಹಂತದಲ್ಲಿ ಉದ್ಯಮ ಪ್ರವೇಶಿಸಬೇಕು. ಭಾರತದಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹಾಗೂ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಗಳಲ್ಲಿ ಕಡಲ ಜೀವಿಗಳ ಶೋಧದ ಅನುಭವವಿದೆ. ಆ ಜ್ಞಾನ ಕಾರ್ಖಾನೆಯನ್ನು ತಲುಪಲು ಸೇತುವೆ ಬೇಕು.

ಎರಡನೆಯ ಹಂತದ ಸಾಮರ್ಥ್ಯ ಕರ್ನಾಟಕಕ್ಕೆ ಹೊಸತಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಮೊದಲು ಪರಂಗಿಕಾಯಿಯಿಂದ ಪಪೇನ್ ಹಾಗೂ ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್ ತೆಗೆಯುತ್ತಿತ್ತು. ಅದೇ ಸಂಸ್ಥೆ ಮುಂದೆ ಹುದುಗುವಿಕೆಯ ವಿಧಾನದಿಂದ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಜೀವಿಯಿಂದ ಹಿಂಡುವ ಹಂತದಿಂದ ತೊಟ್ಟಿಯಲ್ಲಿ ಬೆಳೆಸುವ ಹಂತಕ್ಕೆ ಏರುವ ದಾರಿಯನ್ನು ಈ ನಾಡಿನ ಉದ್ಯಮ ಒಮ್ಮೆ ಕ್ರಮಿಸಿಯಾಗಿದೆ.

ಇದರ ಜೊತೆಗೆ ಕಾನೂನಿನ ಅರಿವೂ ಅಗತ್ಯ. 2001ರಲ್ಲಿ ಹವಳ, ಸ್ಪಂಜು, ಸಮುದ್ರಸೌತೆಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಿಗೆ ಸೇರಿಸಲಾಯಿತು. 2002ರ ಜೀವವೈವಿಧ್ಯ ಕಾಯ್ದೆ ಲಾಭದಲ್ಲಿ ನ್ಯಾಯಯುತ ಹಂಚಿಕೆಯ ತತ್ತ್ವವನ್ನು ತಂದಿತು. 2023ರ ತಿದ್ದುಪಡಿ ಸೆರೆವಾಸದ ಬದಲು ದಂಡವನ್ನು ವಿಧಿಸಿತು. ಶಿಕ್ಷೆ ಹಗುರವಾಯಿತೆಂದು ಹಂಚಿಕೆಯ ಹೊಣೆ ಹಗುರವಾಗದು. ಇವನ್ನು ಅಡಚಣೆಯೆಂದು ದೂರುವುದರಲ್ಲಿ ಅರ್ಥವಿಲ್ಲ. ಒಂದು ಟನ್ನಿಗೆ ಒಂದು ಗ್ರಾಂ ದೊರೆಯುವ ಕಡೆ ಕಡಲನ್ನು ಬರಿದುಮಾಡಿಯೂ ಉದ್ಯಮ ಉಳಿಯಲಾರದು.

ವಾಣಿಜ್ಯ ಸಂಸ್ಥೆಗಳು ಈ ದಿಸೆಯಲ್ಲಿ ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಸಂಶೋಧನಾಲಯಗಳ ಹಾಗೂ ಹುದುಗುವಿಕೆಯ ಉದ್ಯಮಗಳ ಪ್ರತಿನಿಧಿಗಳನ್ನು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿಸುವುದು, ಅನುಮತಿ ಹಾಗೂ ಲಾಭ ಹಂಚಿಕೆಯ ನಿಯಮಗಳ ಬಗ್ಗೆ ಸಣ್ಣ ಉದ್ಯಮಿಗಳಿಗೆ ಮಾರ್ಗದರ್ಶನ ನೀಡುವುದು, ಪರೀಕ್ಷೆಗೊಳಪಡದ ‘ಕಡಲ ಔಷಧ’ಗಳ ಪ್ರಚಾರಕ್ಕೆ ತಮ್ಮ ವೇದಿಕೆಯಲ್ಲಿ ಎಡೆಗೊಡದಿರುವುದು. ಇವುಗಳಲ್ಲಿ ಕೊನೆಯದಕ್ಕೆ ಬಂಡವಾಳವೇ ಬೇಕಿಲ್ಲ, ಆದ್ದರಿಂದ ಅದು ಈ ತಿಂಗಳಿನಿಂದಲೇ ಆರಂಭವಾಗಬಹುದು. ರೋಗಿಯ ಭರವಸೆಯನ್ನು ಸರಕಾಗಿಸದ ಉದ್ಯಮವನ್ನೇ ಜನ ನಂಬುತ್ತಾರೆ, ಮತ್ತು 38 ವರ್ಷ ಕಾಯಬೇಕಾದ ವ್ಯವಹಾರದಲ್ಲಿ ನಂಬಿಕೆಯೇ ಮೂಲಧನ.