ಲಾವಣಿಗೆ ವೀಳ್ಯ ಕೊಡುವವರು ಯಾರು?

ಯುದ್ಧಕ್ಕೆ ತಗುಲಿದ ವೆಚ್ಚವನ್ನು ಸರ್ಕಾರಗಳು ತಪ್ಪದೆ ಬರೆದಿಡುತ್ತವೆ. ಅದೇ ಯುದ್ಧಕ್ಕಾಗಿ ಜನ ತೆತ್ತ ಬೆಲೆಯನ್ನು ಬರೆದಿಡುವವರು ವಿರಳ. ಉತ್ತರ ಕರ್ನಾಟಕದಲ್ಲಿ ಈ ಎರಡನೆಯ ಲೆಕ್ಕವನ್ನು ಇಟ್ಟವರು ಕಚೇರಿಯ ಕಾರಕೂನರಲ್ಲ. ದಪ್ಪು, ತುಂತುಣಿ ಹಿಡಿದು ಊರೂರು ತಿರುಗಿದ ಲಾವಣಿಕಾರರು.

ಈಗಿನ ಮುಧೋಳ ತಾಲ್ಲೂಕಿನ ಹಲಗಲಿಯ ಪ್ರಕರಣವನ್ನೇ ನೋಡಬಹುದು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ತಂದಾಗ ಅಲ್ಲಿನ ಬೇಡರು ಅದನ್ನು ಒಪ್ಪಲಿಲ್ಲ. ಸೈನ್ಯ ಬಂತು, ಊರು ಉರಿಯಿತು, ಮುಖಂಡರು ಗಲ್ಲಿಗೇರಿದರು. ಸರ್ಕಾರದ ದೃಷ್ಟಿಯಲ್ಲಿ ಅದೊಂದು ಅಡಗಿಸಲಾದ ದಂಗೆ, ಅಷ್ಟೆ. ಲಾವಣಿಕಾರನಾದರೋ ಲೂಟಿಯಾದ ವಸ್ತುಗಳ ಪಟ್ಟಿಯನ್ನೇ ಕೊಡುತ್ತಾನೆ. ಬೀಸುವ ಕಲ್ಲು, ಮಂಗಳಸೂತ್ರ, ಉಪ್ಪು, ಎಣ್ಣೆ, ಮೊಸರು ಕೂಡ ಅದರಲ್ಲಿ ಸೇರಿವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಬರಿಯ ವೀರಗೀತೆಯಾಗಿ ಕಾಣುವುದಿಲ್ಲ. ಬಡ ಕುಟುಂಬವೊಂದರ ಸಮಸ್ತ ಆಸ್ತಿಯ ವಿವರಪಟ್ಟಿಯಾಗಿ ಕಾಣುತ್ತದೆ.

1857ರ ಸಂಗ್ರಾಮವನ್ನು ಹತ್ತಿಕ್ಕಲು ಆದ ಸಾಲದ ಹೊರೆಯನ್ನು ಇಳಿಸಲು ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದರು. ವರ್ಷಕ್ಕೆ ಇನ್ನೂರು ರೂಪಾಯಿ ಆದಾಯವಿದ್ದವನೂ ಅದರ ಬಲೆಗೆ ಬಿದ್ದ. ಈ ತೆರಿಗೆಯ ಮೇಲೂ ನಮ್ಮವರು ಲಾವಣಿ ಕಟ್ಟಿದರು! ಇದನ್ನೂ ಹಲಗಲಿ ಮತ್ತು ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನೂ ಸೇರಿಸಿ ಐದು ಲಾವಣಿಗಳನ್ನು 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಅವರೂ ಅದೇ ಸರ್ಕಾರದ ಅಧಿಕಾರಿಯೇ. ತಮ್ಮ ಪ್ರಭುತ್ವವನ್ನು ಹಳಿಯುವ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸುವ ವಿವೇಕ ಅವರಲ್ಲಿತ್ತು ಎಂಬುದನ್ನು ಒಪ್ಪಲೇಬೇಕು.

ಲಾವಣಿಕಾರನಿಗೆ ಇಂತಹ ಧೈರ್ಯ ಎಲ್ಲಿಂದ ಬಂತು? ಉತ್ತರ ಅವನ ಜೀವನೋಪಾಯದಲ್ಲಿದೆ. ಅವನಿಗೆ ವೀಳ್ಯ ಕೊಟ್ಟು ಕರೆಸುತ್ತಿದ್ದುದು ಊರು. ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿಯ ವಾದದಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸುತ್ತಿದ್ದುದು ಎದುರು ಕುಳಿತ ಜನ. ಸಂಭಾವನೆ ಕೊಡುವವರೂ ಕೇಳುವವರೂ ಒಬ್ಬರೇ ಆಗಿದ್ದುದರಿಂದ ಅವರ ನೋವನ್ನು ಮರೆಮಾಚಿ ಹಾಡುವುದು ಸಾಧ್ಯವಿರಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸರ್ಕಾರವೂ ಹಾಡಿನ ಶಕ್ತಿಯನ್ನು ಮನಗಂಡಿತ್ತು. ಕವಿ ಹಫೀಜ್ ಜಾಲಂಧರಿಯವರ ಮುಂದಾಳತ್ವದಲ್ಲಿ ಯುದ್ಧಪ್ರಚಾರಕ್ಕೆಂದು ಹಾಡುಗಳ ಸಂಸ್ಥೆಯೊಂದನ್ನೇ ತೆರೆಯಿತು. ಅದೇ ಯುದ್ಧದ ನಡುವೆ, 1942–43ರಲ್ಲಿ, ವಿಜಾಪುರ ಜಿಲ್ಲೆ ಭೀಕರ ಬರಗಾಲಕ್ಕೆ ತುತ್ತಾಯಿತು. ಒಂದೆಡೆ ದಿಲ್ಲಿಯ ಪ್ರಚಾರಗೀತೆ, ಇನ್ನೊಂದೆಡೆ ಹಸಿದ ಹೊಟ್ಟೆ. ಆದರೆ ನಮ್ಮ ಹಳ್ಳಿಗಳಲ್ಲಿ ಬೇರೂರಿ ನಿಂತದ್ದು ಸರ್ಕಾರದ ಹಾಡಲ್ಲ. ಹುಲಕುಂದ ಭೀಮಕವಿಯಂಥವರು ಸ್ವಾತಂತ್ರ್ಯ ಚಳವಳಿಗಾಗಿ ಕಟ್ಟಿದ ರಾಷ್ಟ್ರೀಯ ಲಾವಣಿಗಳು.

ಸ್ವಾತಂತ್ರ್ಯಾನಂತರ 1954ರಲ್ಲಿ ಕೇಂದ್ರ ಸರ್ಕಾರ ಗೀತ ಮತ್ತು ನಾಟಕ ವಿಭಾಗವನ್ನು ಸ್ಥಾಪಿಸಿತು. ರಾಜ್ಯದ ಇಲಾಖೆಗಳೂ ಅದೇ ಹಾದಿ ಹಿಡಿದವು. ಕುಟುಂಬ ಯೋಜನೆ, ಸಾಕ್ಷರತೆ, ಲಸಿಕೆ ಎಲ್ಲವನ್ನೂ ಗೀಗೀ ಮೇಳಗಳು ಹಾಡಿವೆ. ಇದರಿಂದ ಲೋಕಕ್ಕೆ ಉಪಕಾರವಾಗಿದೆ, ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿದೆ. ಸೇವಾವಧಿಯಲ್ಲಿ ಇಂತಹ ಹಲವು ಕಾರ್ಯಕ್ರಮಗಳನ್ನು ಕಂಡಿರುವ ನಾನು ಅವುಗಳನ್ನು ಅಲ್ಲಗಳೆಯಲಾರೆ. ಆದರೆ ಊರಿನ ವೀಳ್ಯ ನಿಂತು ಇಲಾಖೆಯ ಬಿಲ್ಲೊಂದೇ ಆಧಾರವಾದಾಗ ಹಾಡುಗಾರನ ನಾಲಿಗೆ ಯಾರ ವಶವಾಗುತ್ತದೆ?

ಬಸವನ ಬಾಗೇವಾಡಿ ಸೀಮೆಯ ಮಸೂತಿಯ ಉದಾಹರಣೆ ಕಣ್ಣ ಮುಂದಿದೆ. ಕೂಡಗಿ, ತೆಲಗಿ, ಮಸೂತಿಗಳ ಸುತ್ತಲಿನ ನೆಲದಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದಿದೆ. 2014ರ ಜುಲೈನಲ್ಲಿ ಅಲ್ಲಿನ ರೈತರ ಪ್ರತಿಭಟನೆ ಗೋಲಿಬಾರಿನವರೆಗೂ ಹೋಯಿತು. ರಾಜ್ಯಕ್ಕೆ ವಿದ್ಯುತ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕಳೆದುಹೋದ ಎರೆಹೊಲದ ಪಟ್ಟಿಯನ್ನು, ಹಲಗಲಿಯ ಲಾವಣಿಕಾರ ಬೀಸುವ ಕಲ್ಲನ್ನು ಎಣಿಸಿದಂತೆ, ಎಣಿಸಿ ಹಾಡುವ ಮೇಳಕ್ಕೆ ಯಾವ ಇಲಾಖೆ ವೇದಿಕೆ ಕೊಟ್ಟೀತು?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮೊದಲನೆಯದಾಗಿ, ಪ್ರಚಾರದ ಹಣವನ್ನೂ ಕಲಾವಿದರ ನೆರವನ್ನೂ ಬೇರ್ಪಡಿಸಬೇಕು. ಲಸಿಕೆಯ ಹಾಡಿಗೆ ವಾರ್ತಾ ಇಲಾಖೆ ಕೂಲಿ ಕೊಡಲಿ. ಆದರೆ ಜಾತ್ರೆಯ ಮೇಳಕ್ಕೆ ಕೊಡುವ ಸಹಾಯಧನಕ್ಕೆ ವಿಷಯದ ಷರತ್ತು ಇರಬಾರದು. ಎರಡನೆಯದಾಗಿ, ಆ ಹಣ ಗ್ರಾಮ ಪಂಚಾಯಿತಿಯ ಮೂಲಕ ಹೋಗಬೇಕು, ಮೇಳವನ್ನು ಊರೇ ಆರಿಸಬೇಕು. ಮೂರನೆಯದಾಗಿ, ಹಾಡುಗಾರರ ಮನೆಗಳಲ್ಲಿ ಉಳಿದಿರುವ ಕೈಬರಹದ ವಹಿಗಳನ್ನು, ಹಿರಿಯರ ನೆನಪಿನಲ್ಲಿರುವ ನಲವತ್ತರ ದಶಕದ ಹಾಡುಗಳನ್ನು ಜಾನಪದ ವಿಶ್ವವಿದ್ಯಾಲಯ ತಡಮಾಡದೆ ದಾಖಲಿಸಬೇಕು. ಇಂಡಿ ಸೀಮೆಯ ಹಲಸಂಗಿ ಗೆಳೆಯರು ಯಾವ ಅನುದಾನಕ್ಕೂ ಕಾಯದೆ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಕೈಯಲ್ಲಿ ಧ್ವನಿಮುದ್ರಕವಿರುವ ನಮಗೆ ನೆಪ ಹೇಳಲು ಅವಕಾಶವಿಲ್ಲ.

ಫ್ಲೀಟ್ ಅವರಂಥ ಪರಕೀಯ ಅಧಿಕಾರಿಯೊಬ್ಬರು ತಮ್ಮ ಸರ್ಕಾರದ ಮೇಲಿನ ದೂರನ್ನು ಜೋಪಾನವಾಗಿ ಕಾಪಿಟ್ಟರು. ಜನರೇ ಆರಿಸಿದ ಸರ್ಕಾರ ಅಷ್ಟಾದರೂ ಔದಾರ್ಯ ತೋರಬಾರದೇಕೆ?