ಕಾರಿನ ಸ್ಟೀರಿಯೋ ಮತ್ತು ನೀಲಿ ತಂತಿ

ಕಳೆದ ಸಂಚಿಕೆಯಲ್ಲಿ ಕೊಬ್ಬರಿಯ ಅಟ್ಟವನ್ನು ಇಲಿಗಳಿಂದ ಕಾಪಾಡುವ ವಿಚಾರವನ್ನು ಬರೆದಿದ್ದೆವಷ್ಟೆ. ಈ ಸಲ ನಮ್ಮ ದಬ್ಬೇಘಟ್ಟದಲ್ಲಿ, ನಮ್ಮ ತಮ್ಮನ ಮನೆಯಲ್ಲಿಯೇ ನಡೆದುದೊಂದನ್ನು ವಾಚಕರ ಮುಂದಿಡುತ್ತೇವೆ. ಹಳೆಯ ಕಾರನ್ನು ಕೊಂಡು, ಅದರ ರೇಡಿಯೋವನ್ನು ತೆಗೆಯಿಸಿ, ಪರದೆಯುಳ್ಳ ಹೊಸ ಸ್ಟೀರಿಯೋವನ್ನು ಹಾಕಿಸುವ ಸಂಸಾರಗಳು ಈಗ ಹಳ್ಳಿಗಳಲ್ಲಿಯೂ ಬಹಳವಾಗಿರುವುದರಿಂದ ಇದು ಕೆಲವರಿಗಾದರೂ ಉಪಯೋಗವಾದೀತು.

ತಮ್ಮನ ಹೆಂಡತಿಗೆ ಮೂತ್ರಪಿಂಡದ ವ್ಯಾಧಿ. ಸೋಮವಾರ ಮತ್ತು ಗುರುವಾರಗಳಂದು ತಪ್ಪದೆ ತುಮಕೂರಿಗೆ ಡಯಾಲಿಸಿಸ್ಸಿಗೆ ಹೋಗಿಬರತಕ್ಕದ್ದು. ಬಸ್ಸಿನ ಪ್ರಯಾಣವು ಆಕೆಗೆ ಸಾಗದೆ ಹೋಗಲು, ಮಗನು ಬೆಂಗಳೂರಿನಿಂದ ಹಳೆಯ ಕಾರೊಂದನ್ನು ತಂದನು. ದಾರಿಯುದ್ದಕ್ಕೂ ದೇವರನಾಮ ಕೇಳಬೇಕೆಂಬುದು ಆಕೆಯ ಒಂದೇ ಆಸೆ. ಕಾರಿನ ರೇಡಿಯೋ ಕೆಟ್ಟಿದ್ದಿತು. ಪೇಟೆಯಿಂದ ಹೊಸ ಸ್ಟೀರಿಯೋ ಬಂದಿತು. ಊರಿನ ಹುಡುಗನೊಬ್ಬನು ಅದನ್ನು ಕೂಡಿಸಿದನು. ಇವನು ನಮ್ಮ ಶಿಷ್ಯ. ಶಾಲೆಯಲ್ಲಿ ಸಂಧಿಪ್ರಕರಣವು ಎಂದಿಗೂ ತಲೆಗೆ ಹತ್ತದಿದ್ದರೂ ತಂತಿಗಳ ಸಂಧಿಯಲ್ಲಿ ಚೆನ್ನಾಗಿ ಕೈ ಪಳಗಿಸಿಕೊಂಡಿದ್ದಾನೆ.

ಪರದೆ ಬೆಳಗಿತು, ಹಾಡಿನ ಹೆಸರೂ ಮೂಡಿತು, ಧ್ವನಿ ಮಾತ್ರ ಹೊರಡಲಿಲ್ಲ. "ಸ್ಪೀಕರುಗಳೇ ಹೋಗಿವೆ, ನಾಲ್ಕನ್ನೂ ಬದಲಿಸಬೇಕು" ಎಂದು ಮೊದಲು ಹೇಳಿದನು. ನಾಲ್ಕೂ ಒಂದೇ ದಿನ ಸಾಯುವುದುಂಟೆ ಎಂದು ನಾವು ಕೇಳಿದ ಮೇಲೆ ಮರುದಿನ ಇನ್ನಷ್ಟು ಹುಡುಕಿ, ಎಲ್ಲಿಗೂ ಸೇರದಿದ್ದ ತಂತಿಯೊಂದನ್ನು ಕಂಡು, ಅದನ್ನು ಹಳದಿ ತಂತಿಗೆ ಸುತ್ತಿದನು. ಹಾಡು ಕೇಳಿಸಿತು. ಎಲ್ಲರಿಗೂ ಸಂತೋಷವಾಯಿತು.

ಶುಕ್ರವಾರ ರಾತ್ರಿ ನಿಲ್ಲಿಸಿದ ಕಾರು ಸೋಮವಾರ ಬೆಳಗಿನ ಜಾವ ಐದು ಘಂಟೆಗೆ ಹೊರಡಲಿಲ್ಲ. ಬ್ಯಾಟರಿಯಲ್ಲಿ ದೀಪ ಉರಿಸುವಷ್ಟು ಕಸುವೂ ಇರಲಿಲ್ಲ. ರೋಗಿಯು ಅಂಗಳದಲ್ಲಿ ಕುರ್ಚಿಯ ಮೇಲೆ ಕಾದಿದ್ದಳು. ನೆರೆಮನೆಯವರ ಗಾಡಿ ದೊರೆತು ಎರಡು ಘಂಟೆ ತಡವಾಗಿ ತುಮಕೂರು ಸೇರಿದರು. ಸಂಜೆ ನಮ್ಮ ತಮ್ಮನ ಮಗನು ಆ ಹುಡುಗನನ್ನು ಬೀದಿಯಲ್ಲಿ ನಿಲ್ಲಿಸಿ ಕಳ್ಳನೆಂದು ಕರೆದನು. ಉಳಿದ ಕೂಲಿಯನ್ನು ಕೊಡುವುದಿಲ್ಲವೆಂದನು. ಚಿಕ್ಕ ಊರಿನಲ್ಲಿ ಅಂತಹ ಮಾತು ಬಿದ್ದರೆ ಮತ್ತೆ ಯಾರೂ ಕೆಲಸಕ್ಕೆ ಕರೆಯರು. ಆದುದರಿಂದ ನಾವು ಇಬ್ಬರನ್ನೂ ಕೂರಿಸಿಕೊಂಡು, ಸ್ಟೀರಿಯೋ ಬಂದ ಡಬ್ಬವನ್ನು ತರಿಸಿದೆವು. ಅದರೊಳಗೆ ಯಾರೂ ಬಿಚ್ಚದ ಸೂಚನಾಪತ್ರಿಕೆ ಇದ್ದಿತು. ಗ್ರಂಥವನ್ನು ನೋಡದೆ ಅರ್ಥ ಹೇಳುವವರು ಪಂಡಿತರಲ್ಲಿ ಮಾತ್ರವೆಂದು ತಿಳಿದಿದ್ದೆವು.

ಆ ಕಾರು ಮೇಲ್ದರ್ಜೆಯ ಮಾದರಿ. ಅದರಲ್ಲಿ ರೇಡಿಯೋ ತಾನೇ ಸ್ಪೀಕರುಗಳನ್ನು ನುಡಿಸುವುದಿಲ್ಲ. ಕಾರ್ಖಾನೆಯವರೇ ಇಟ್ಟ ಆಂಪ್ಲಿಫೈಯರು ಸೀಟಿನ ಕೆಳಗೆ ಬೇರೆಯಾಗಿ ಕುಳಿತಿದೆ. ನಮ್ಮ ತೋಟಗಳಲ್ಲಿ ಕೊಳವೆಬಾವಿಯ ನೀರನ್ನು ತೊಟ್ಟಿಗೆ ತುಂಬಿ, ಅಲ್ಲಿಂದ ಮೇಲಿನ ತೆಂಗಿಗೆ ಎತ್ತಲು ಎರಡನೆಯ ಮೋಟಾರು ಇಡುವುದುಂಟಷ್ಟೆ. ಅದರ ಸ್ಟಾರ್ಟರನ್ನು ಒತ್ತದಿದ್ದರೆ ತೊಟ್ಟಿ ತುಂಬಿದರೂ ಮರಕ್ಕೆ ನೀರಿಲ್ಲ. ಇಲ್ಲಿ ಆ ಸ್ಟಾರ್ಟರಿನ ಕೆಲಸ ಮಾಡುವುದು ಸಾಮಾನ್ಯವಾಗಿ ಬಿಳಿಯ ಗೆರೆಯುಳ್ಳ ನೀಲಿ ತಂತಿ. ಸ್ಟೀರಿಯೋ ಹಚ್ಚಿದಾಗ ಅದರಲ್ಲಿ 12 ವೋಲ್ಟು ಬಂದು ಆಂಪ್ಲಿಫೈಯರು ಎಚ್ಚರಗೊಳ್ಳುತ್ತದೆ; ಆರಿಸಿದಾಗ ಮಲಗುತ್ತದೆ. ಹಳದಿ ತಂತಿಯೋ ಬ್ಯಾಟರಿಯಿಂದ ಸದಾ ವಿದ್ಯುತ್ತು ತರುವಂಥದು. ಅದಕ್ಕೆ ಸುತ್ತಿದರೆ ಆಂಪ್ಲಿಫೈಯರಿಗೆ ನಿದ್ರೆಯೇ ಇಲ್ಲ. ಬ್ಯಾಟರಿಯನ್ನು ತುಂಬಿಸಿ, ಕಾರಿನ ಕೀಲಿ ತೆಗೆದು, ಮೀಟರು ಹಿಡಿದೆವು: ಮುಕ್ಕಾಲು ಆಂಪಿಯರು ಹರಿಯುತ್ತಿದ್ದಿತು. ದಿನಕ್ಕೆ 18 ಆಂಪಿಯರ್-ಘಂಟೆ; ಬ್ಯಾಟರಿಯ ಶಕ್ತಿ 35. ಎರಡು ದಿನಗಳ ಲೆಕ್ಕ ಸರಿಯಾಯಿತು. ನಿಂತ ಕಾರಿನಲ್ಲಿ ಸಾಧಾರಣವಾಗಿ ಹರಿಯತಕ್ಕದ್ದು 50 ಮಿಲಿಆಂಪಿಯರಿಗೂ ಕಡಮೆ.

ನೀಲಿ ತಂತಿಗಳು ಎರಡಿರುವುದೂ ಉಂಟು. ಗೆರೆಯಿಲ್ಲದ ನೀಲಿ ತಂತಿ ಏರಿಳಿಯುವ ಏರಿಯಲ್ಲಿಗೆ. ಕೆಲವು ಸ್ಟೀರಿಯೋಗಳಲ್ಲಿ ರೇಡಿಯೋ ಹಾಡುವಾಗ ಮಾತ್ರ ಅದರಲ್ಲಿ ವಿದ್ಯುತ್ತು ಇರುತ್ತದೆ. ರೇಡಿಯೋ ಕೇಳಿಸಿ ಫೋನಿನ ಹಾಡು ಕೇಳಿಸದಿದ್ದರೆ ಈ ತಂತಿಯನ್ನೇ ಸಂದೇಹಿಸಬೇಕು.

ಹುಡುಗನು ನೀಲಿಯನ್ನು ನೀಲಿಗೆ ಸೇರಿಸಿದನು. ಲೋಪವು ಹೋಯಿತು, ಆದರೆ ಆಗಮವೊಂದು ಉಳಿಯಿತು. ಎಂಜಿನ್ನಿನ ವೇಗ ಹೆಚ್ಚಿದಂತೆ ಕುಂಯ್ ಎಂದು ಏರುವ ಸ್ವರ! ಇದಕ್ಕೆ ಬಹುಮಟ್ಟಿಗೆ ಕಾರಣ ಅರ್ಥಿಂಗಿನ ದೋಷ. ಕಪ್ಪು ತಂತಿಯನ್ನು ಬಣ್ಣ ಬಳಿದ ತಗಡಿಗೆ ಬಿಗಿದಿದ್ದನು. ಬಣ್ಣವನ್ನು ಕೆರೆದು ಬಿಗಿದ ಮೇಲೆ ಸ್ವರವು ಬಹಳ ತಗ್ಗಿತು. ಹಾಡು ಒಡೆದು ಕರ್ಕಶವಾಗಿದ್ದರೆ ಕಾರಣ ಬೇರೆ. ಸ್ಪೀಕರಿಗಾಗಿ ಬಲಪಡಿಸಿದ ಸಂಕೇತವನ್ನು, ಕೃಶವಾದ ಸಂಕೇತವನ್ನು ನಿರೀಕ್ಷಿಸುವ ಆಂಪ್ಲಿಫೈಯರಿಗೆ ಕೊಟ್ಟಂತಾಗಿರುತ್ತದೆ; ಸ್ಟೀರಿಯೋದ ಹಿಂದಿನ ಪ್ರೀ-ಔಟ್ ಕಂಡಿಯಿಂದ ತೆಗೆದುಕೊಳ್ಳಬೇಕು, ಅಥವಾ ನಡುವೆ ತಗ್ಗಿಸುವ ಪೆಟ್ಟಿಗೆಯನ್ನು ಇಡಬೇಕು. ಸ್ಪೀಕರಿನ ಋಣತಂತಿಯನ್ನು ಕಾರಿನ ಮೈಗೆ ಮಾತ್ರ ಎಂದಿಗೂ ಮುಟ್ಟಿಸಕೂಡದು. ಈಗಿನ ಸ್ಟೀರಿಯೋಗಳು ಅದರಿಂದ ಸುಟ್ಟುಹೋಗಬಹುದು.

ಕೆಲವು ಕಾರುಗಳಲ್ಲಿ ಆಂಪ್ಲಿಫೈಯರಿಗೆ ಅಪ್ಪಣೆ ಹೋಗುವುದು ದತ್ತಾಂಶದ ತಂತಿಯಲ್ಲಿ, ಇಲ್ಲವೆ ಬೆಳಕಿನ ಎಳೆಯಲ್ಲಿ. ಅಲ್ಲಿ ನೀಲಿ ತಂತಿಯಿಂದ ಏನೂ ಆಗದು. ಆ ಕಾರಿಗೇ ಹೊಂದುವ ಇಂಟರ್‌ಫೇಸ್ ಪೆಟ್ಟಿಗೆ ಬೇಕು. ಆದುದರಿಂದ ಸ್ಟೀರಿಯೋ ಕೊಳ್ಳುವ ಮೊದಲೇ ಕಾರಿನ ಮಾದರಿಯನ್ನು ಹೇಳಿ, ಆಂಪ್ಲಿಫೈಯರು ಇದೆಯೆ ಎಂದು ವಿಚಾರಿಸತಕ್ಕದ್ದು. ನಮ್ಮ ಹುಡುಗ ಇದನ್ನು ವಿಚಾರಿಸಿರಲಿಲ್ಲ. ಕಾರಿನ ಒಡೆಯನೂ ಹೇಳಿರಲಿಲ್ಲ, ಏಕೆಂದರೆ ಅವನಿಗೇ ತಿಳಿದಿರಲಿಲ್ಲ. ಮನೆಯಲ್ಲಿ ತಾವೇ ಕೈ ಹಾಕುವವರು ಮೊದಲು ಬ್ಯಾಟರಿಯ ಋಣತಂತಿಯನ್ನು ಬಿಚ್ಚಲಿ; ಹಳದಿ ಬಣ್ಣದ ಕಪ್ಲರುಗಳು ಸಾಮಾನ್ಯವಾಗಿ ಗಾಳಿಚೀಲದವು, ಅವುಗಳಿಗೆ ಮೀಟರಿನ ಮೊನೆಯನ್ನು ಚುಚ್ಚದಿರಲಿ.

"ದೊಡ್ಡಪ್ಪ, ಇವನು ಅಮ್ಮನ ಜೀವದ ಜೊತೆ ಆಟ ಆಡಿದ" ಎಂದು ನಮ್ಮವನು ಕೊನೆಗೂ ಗೊಣಗಿದನು. ಅದು ಸುಳ್ಳೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಹುಡುಗನು ತಲೆಯೆತ್ತದೆ, "ತಪ್ಪಾಯ್ತು ಮೇಷ್ಟ್ರೇ, ಹಾಡು ಬಂತಲ್ಲ ಅಂತ ಬಿಟ್ಟೆ" ಎಂದನು. ಕೂಲಿಯ ಅರ್ಧವನ್ನು ಅಂದೇ ಕೊಡಿಸಿದೆವು. ಉಳಿದುದನ್ನು, ಮೂರು ರಾತ್ರಿ ನಿಂತ ಮೇಲೂ ಕಾರು ಹೊರಟರೆ ಕೊಡತಕ್ಕದ್ದೆಂದು ಒಪ್ಪಂದವಾಯಿತು. ಮುಂದಿನ ಸೋಮವಾರ ಬೆಳಗ್ಗೆ ಕಾರು ಒಂದೇ ಸಲಕ್ಕೆ ಹೊರಟಿತು, ಹಣವೂ ಸಂದಿತು. ಕೆ.ಬಿ. ಕ್ರಾಸ್ ದಾಟಿದ ಮೇಲೆ, ಫೋನನ್ನು ಚಾರ್ಜಿಗೆ ಹಾಕಿದಾಗ ಮಾತ್ರ, ಸಣ್ಣಗೆ ಕುಂಯ್ ಎನ್ನುತ್ತದೆಂದು ತಮ್ಮನ ಹೆಂಡತಿ ಹೇಳುತ್ತಾಳೆ. ಚಾರ್ಜರನ್ನು ಬದಲಿಸಿ ನೋಡಲು ಹುಡುಗನು ಭಾನುವಾರ ಬರುವವನಿದ್ದಾನೆ.